ಕೋತಿಯ ಸೂತಕ

ಅರವತ್ತರ ದಶಕದ ಶುರುವಿನಲ್ಲಿ ನಾನು ಮಿಡಿಗೇಶಿ ಕಡೆಯ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ವಯಸ್ಸು ಇಪ್ಪತ್ತಮೂರು, ಬಾಯಿ ಮಾತ್ರ ಐವತ್ತರದ್ದು. ಜೀವವಿಕಾಸದ ಪಾಠ ಇದ್ದದ್ದೇ ಒಂದೂವರೆ ಪುಟ. ಸುಮ್ಮನೆ ಓದಿಸಿ ಮುಗಿಸಿದ್ದರೆ ಏನೂ ಆಗುತ್ತಿರಲಿಲ್ಲ. ಮಕ್ಕಳಿಗೆ ಮನದಟ್ಟಾಗಲಿ ಅಂತ ಜಾಣತನ ತೋರಿಸಲು ಹೋಗಿ, "ಕೋತಿ ನಮ್ಮ ತಾತ ಅಲ್ಲ ಕಣ್ರಪ್ಪ, ದೂರದ ದಾಯಾದಿ. ಬಹಳ ಹಿಂದೆ ಮೂಲ ಒಂದೇ" ಅಂದುಬಿಟ್ಟೆ.

ಎಂಟನೇ ತರಗತಿಯಲ್ಲಿ ಇದ್ದದ್ದು ಒಬ್ಬಳೇ ಹುಡುಗಿ. ಪ್ರಶ್ನೆ ಕೇಳಿ ಕೇಳಿ ನನ್ನ ಪ್ರಾಣ ತಿನ್ನುತ್ತಿದ್ದಳು. "ಎಷ್ಟು ತಲೆಮಾರಿನ ಹಿಂದೆ ಸಾ? ನಮ್ ಬಾಲ ಯಾವಾಗ ಹೋಯ್ತು ಸಾ?" ಅಪ್ಪ ಇಲ್ಲದ ಮನೆ, ತಾತ ಅಂದದ್ದೇ ಮಾತು. ಪಬ್ಲಿಕ್ ಪರೀಕ್ಷೆ ಪಾಸಾದರೆ ಮಧುಗಿರಿಯ ಹೈಸ್ಕೂಲು, ಇಲ್ಲದಿದ್ದರೆ ಮದುವೆ ಅಂತ ಅವನು ಹೇಳಿಯಾಗಿತ್ತು.

ಪರೀಕ್ಷೆಗೆ ನಾಲ್ಕು ದಿನ ಇದೆ ಅನ್ನುವಾಗ ಕೋಟೆ ಬೆಟ್ಟದ ಗಡವ ಕೋತಿಯೊಂದು ಬಂಡೆಯಿಂದ ಜಾರಿ ಸತ್ತಿತು. ನಮ್ಮ ಕಡೆ ಕೋತಿ ಸತ್ತರೆ ಬಿಸಾಕುವುದಿಲ್ಲ. ಹೂ ಹಾಕಿ, ತಮಟೆ ಬಡಿದು, ಹನುಮಪ್ಪನ ಗುಡಿ ಹಿಂದೆ ಮಣ್ಣು ಮಾಡುತ್ತಾರೆ. ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ. ಮರುದಿನ ಹುಡುಗಿ ಸ್ಕೂಲಿಗೆ ಬರಲಿಲ್ಲ.

ಮನೆಗೆ ಹೋದೆ. ತಾತ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ.

"ಸೂತ್ಕ ಕಣ್ ಮೇಷ್ಟ್ರೆ. ಹನ್ನೊಂದು ದಿನ."

"ಅಯ್ಯೋ, ಯಾರು ತೀರಿಕೊಂಡರು?"

"ಇದೇನ್ ಇಂಗಂತೀರಾ! ಕೋತಿ ದಾಯಾದಿ ಅಂತ ನೀವೇ ಹೇಳ್ಕೊಟ್ರಂತಲ್ಲ. ಇಷ್ಟ್ ದಿನ ಹನುಮಪ್ಪ ಅಂತ ಮಣ್ ಮಾಡ್ತಿದ್ವಿ, ಸೂತ್ಕ ಇರ್ನಿಲ್ಲ. ದಾಯಾದಿ ಅಂದ್ಮೇಲೆ ಸೂತ್ಕ ಬುಡಾಕಾಯ್ತದಾ? ಸೂತ್ಕದಾಗೆ ಪುಸ್ತಕ ಮುಟ್ಟಂಗಿಲ್ಲ."

ಮುಖದಲ್ಲಿ ನಗುವಿನ ಎಳೆಯೂ ಇರಲಿಲ್ಲ. ಮುದುಕ ನಂಬಿಯೇ ಹೇಳಿದನೋ, ನನ್ನನ್ನು ಆಟ ಆಡಿಸಿದನೋ, ಇವತ್ತಿಗೂ ತಿಳಿಯದು. ಕೋಟ್ಯಂತರ ವರ್ಷ, ಕವಲು, ಅದು ಇದು ಅಂತ ಏನೇನೋ ಬಡಬಡಿಸಿದೆ. "ದೂರದ್ದಾದ್ರೂ ದಾಯಾದಿ ದಾಯಾದಿನೇ" ಅಂದ. ಬಾಗಿಲ ಹಿಂದೆ ಹುಡುಗಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು.

ಹೆಡ್‌ಮಾಸ್ಟರು "ನೀವು ಮಾಡ್ಕೊಂಡಿದ್ದು, ನೀವೇ ಬಿಡಿಸ್ಕೊಳ್ಳಿ" ಅಂದು ಕೈ ತೊಳೆದುಕೊಂಡರು. ಮತ್ತೆ ಮುದುಕನ ಹತ್ತಿರವೇ ಹೋದೆ. ದಾರಿಯನ್ನೂ ಅವನೇ ತೋರಿಸಿದ: "ಮನುಸ್ರುನ್ನ ಬ್ಯಾರೆ, ಕೋತೀನ ಬ್ಯಾರೆ ಬ್ರಹ್ಮ ಮಾಡ್ದ ಅಂತ ಕ್ಲಾಸ್ನಾಗೆ ಎಲ್ರ ಮುಂದೆ ಹೇಳ್ಬುಡಿ. ಆಗ ಸೂತ್ಕ ಇಲ್ಲ. ಹುಡ್ಗಿ ಪರೀಕ್ಸೆಗೆ ಬತ್ತಾಳೆ."

ಹೇಳಿದೆ. ಇನ್ನೇನು ಮಾಡಲಿ! ಮೊಮ್ಮಗಳನ್ನು ಒಳಗೆ ಕೂರಿಸಿ ಮುದುಕ ಕಿಟಕಿಯಾಚೆ ನಿಂತು ಕೇಳಿಸಿಕೊಂಡ. ಬ್ರಹ್ಮನ ಕಥೆ ನನಗೇನು ಹೊಸದೇ? ನನ್ನ ಅವ್ವ ತುತ್ತಿನ ಜೊತೆ ಹೇಳುತ್ತಿದ್ದ ಕಥೆ, ಇವತ್ತಿಗೂ ಇಷ್ಟ. ಆದರೆ ವಿಜ್ಞಾನದ ಪೀರಿಯಡ್ಡಿನಲ್ಲಿ, ಸೀಮೆಸುಣ್ಣ ಹಿಡಿದುಕೊಂಡು, ಇದೇ ಪಾಠ ಅಂತ ಹೇಳುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಹುಡುಗಿ ಎದ್ದು ನಿಂತಳು. "ಹಂಗಾದ್ರೆ ಪರೀಕ್ಸೆನಾಗೆ ಯಾವ್ದು ಬರೀಲಿ ಸಾ?"

ಮುದುಕ ಇನ್ನೂ ಅಲ್ಲೇ ಇದ್ದ. "ಕೂತ್ಕೋ" ಅಂದೆ.

ಪರೀಕ್ಷೆ ಇದ್ದದ್ದು ಮಧುಗಿರಿಯಲ್ಲಿ. ಅಲ್ಲಿಗೆ ಹೋಗುವ ಬಸ್ಸಿನಲ್ಲಾದರೂ ಮೊದಲು ಹೇಳಿದ್ದನ್ನೇ ಬರಿ ಅಂತ ಕಿವಿಯಲ್ಲಿ ಹೇಳೋಣ ಅಂದುಕೊಂಡರೆ, ಮುದುಕ ಬಂದು ನಮ್ಮಿಬ್ಬರ ನಡುವೆ ಕೂತ. ಪರೀಕ್ಷೆ ಮುಗಿಸಿ ಅವಳು ಹೊರಗೆ ಬಂದಾಗ ಓಡಿಹೋಗಿ ಕೇಳಿದೆ.

"ಆ ಪ್ರಶ್ನೆ ಬಂದಿತ್ತಾ?"

"ಬಂದಿತ್ತು ಸಾ. ಬುಟ್ಬುಟ್ಟೆ."

"ಯಾಕಮ್ಮ? ನಿನಗೆ ಗೊತ್ತಿತ್ತಲ್ಲ!"

"ನಂಗ್ ಗೊತ್ತಿತ್ತು ಸಾ. ನಿಮ್ಗೆ ಗೊತ್ತಾ ಇಲ್ವಾ ಅಂತ್ಲೇ ಗೊತ್ತಾಗ್ನಿಲ್ಲ."

ಪಾಸಾದಳು, ಹೈಸ್ಕೂಲಿಗೂ ಸೇರಿದಳು. ಆಮೇಲೆ ಬಸ್ಸಿನಲ್ಲಿ ಎಷ್ಟೋ ಸಲ ಸಿಕ್ಕಳು, ಸಿಕ್ಕಾಗಲೆಲ್ಲ ಕೈಮುಗಿದಳು. ಪ್ರಶ್ನೆ ಮಾತ್ರ ಮತ್ತೆ ಒಂದೂ ಕೇಳಲಿಲ್ಲ.