ಅಪ್ಪಯ್ಯನಿಗೆ ಮುಟ್ಟದ ಮಾತು

ಅಪ್ಪಯ್ಯನಿಗೆ ಹೇಳು ಎಂದು ನನ್ನ ತಮ್ಮ ನನಗೊಪ್ಪಿಸಿದ ಒಂದು ಮಾತನ್ನು ನಾನು ಹೇಳಲಿಲ್ಲ. ಮರೆತದ್ದಲ್ಲ. ಹೇಳದಿದ್ದರೆ ನನಗೆ ಅನುಕೂಲವಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ.

ನಮ್ಮದು ಹಿಂದೂಪುರದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ನನ್ನನ್ನು ಕೊಟ್ಟದ್ದು ಕಲ್ಯಾಣದುರ್ಗದ ಬಟ್ಟೆ ಅಂಗಡಿಯವರಿಗೆ. ಅವರ ತಾತನೂ ಮಗ್ಗದ ಗುಂಡಿಯಲ್ಲಿ ಕಾಲಾಡಿಸಿದವನೇ. ಆದರೆ ಅಂಗಡಿಗೆ ಗಾಜಿನ ಬೀರು ಬಂದ ಮೇಲೆ ನನ್ನತ್ತೆಗೆ ನೇಯುವವರೆಂದರೆ ಕಾಲಕಸ. "ಗುಂಡೀಗೆ ಕಾಲು ಇಳಿಬಿಟ್ಕೊಂಡು ಕೂತಿರೋರ ಮಗಳು" ಎಂದು ನನ್ನ ಮುಂದೆಯೇ ಅನ್ನುತ್ತಿದ್ದಳು.

ಮನೆಗೊಂದು ಮೊಬೈಲ್ ಬರತೊಡಗಿದ್ದ ಕಾಲ ಅದು. ಮಿಲಿಟ್ರಿಗೆ ಆಳು ತಗೊಳ್ಳುತ್ತಾರೆಂದು ಯಾರೋ ಹೇಳಿದರು, ಅಪ್ಪಯ್ಯ ನನ್ನ ತಮ್ಮನನ್ನು ನನ್ನತ್ತೆ ಮನೆಗೆ ಕಳಿಸಿದ. ಕಲ್ಯಾಣದುರ್ಗದ ಮೈದಾನದಲ್ಲಿ ರಿಟೈರಾದ ಸೈನಿಕನೊಬ್ಬ ಹುಡುಗರನ್ನು ಓಡಿಸುತ್ತಿದ್ದ. ಕೊರಳಲ್ಲಿ ಸೀಟಿ, ಕೈಯಲ್ಲಿ ಟೇಪು. ತಮ್ಮನ ಎದೆಗೆ ಟೇಪು ಸುತ್ತಿ, ಉಸಿರೆಳೆಸಿ, "ಎತ್ತರ ಸರಿ, ಎದೆ ಸರಿ, ಓಟ ಸರಿ. ಇನ್ನೇನ್ ಬೇಕಪ್ಪ?" ಎಂದುಬಿಟ್ಟ. ಎತ್ತು ಕೊಳ್ಳುವವರು ಕೂಡ ಹಲ್ಲು ನೋಡಿದ ಮೇಲೆ ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸಿ, ನೊಗಕ್ಕೆ ಒಗ್ಗುತ್ತದಾ ಎಂದು ನೋಡುತ್ತಾರೆ. ಈ ಮಹಾಶಯನಿಗೆ ಟೇಪೇ ಸಾಕಾಯಿತು.

ದಿನಾ ಮೊಟ್ಟೆ ತಿನ್ನಿಸಿ ಎಂದೂ ಹೇಳಿದ. ನಮ್ಮೆರಡು ಮನೆಗಳಲ್ಲೂ ಮೊಟ್ಟೆ ಹೊಸ್ತಿಲು ದಾಟಿದ್ದಿಲ್ಲ. ದಾರಿಯಲ್ಲಿ ಸಿಪ್ಪೆ ತುಳಿದರೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದ ಅತ್ತೆ, ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ತಾನೇ ಇಟ್ಟಿಗೆ ಜೋಡಿಸಿ ಒಲೆ ಮಾಡಿಕೊಟ್ಟಳು.

"ದೇಶಕ್ಕೋಸ್ಕರ ಕಣಮ್ಮ, ದೋಷ ಇಲ್ಲ."

ಗೋಡೆಯಾಚೆಯವರಿಗೆ ತೆಲುಗಿನಲ್ಲಿ, "ಮಾ ಕೋಡಲಿ ತಮ್ಮುಡು, ಮಿಲಿಟ್ರೀಕಿ ಪೋತಾಡು" ನಮ್ಮ ಸೊಸೆಯ ತಮ್ಮ, ಮಿಲಿಟ್ರಿಗೆ ಹೋಗ್ತಾನೆ ಎಂದು ಸಾರಿದಳು. ಅಲ್ಲಿಯವರೆಗೆ ನಾನು ಅವಳ ಸೊಸೆ ಎಂದು ಬೀದಿಗೆ ಗೊತ್ತಿದ್ದದ್ದೇ ಅನುಮಾನ. ಅಂದಿನಿಂದ ನನಗೂ ಬಿಸಿ ಕಾಫಿ ಸಿಗತೊಡಗಿತು. ಮೊಟ್ಟೆ ಬೇಯಿಸಿದ ನೀರಿಗಿಂತ ಹೆಚ್ಚು ಬೆಲೆಯಿಲ್ಲದ ಗೌರವ ಅದು. ನಾನು ಅದಕ್ಕೇ ಆಸೆಬಿದ್ದೆ.

ಒಂದು ಬೆಳಿಗ್ಗೆ ಆ ಕಲ್ಲಿನ ಮೇಲೆ ಕೂತು ಮೊಟ್ಟೆ ಸುಲಿಯುತ್ತಾ ತಮ್ಮ ಹೇಳಿದ: "ಅಕ್ಕಯ್ಯ, ಓಡಾಕೆ ಆಗಾಕಿಲ್ಲ ಅಂತಲ್ಲ. ಇನ್ನೊಬ್ರು ಸೀಟಿ ಊದಿದ್ರೆ ಏಳೋದು, ಊದಿದ್ರೆ ಉಣ್ಣೋದು, ಹಂಗೆ ಬದುಕೋ ಜೀವ ಅಲ್ಲ ನಂದು. ಮಗ್ಗದಾಗೆ ಬೇಕಾದಾಗ ಕೂತ್ಕೊತೀನಿ, ಬ್ಯಾಡ ಅಂದ್ರೆ ಎದ್ದೋಯ್ತೀನಿ. ನೀನೇ ಅಪ್ಪಯ್ಯಂಗೆ ಯೋಳು. ನಾನ್ ಯೋಳಿದ್ರೆ ಹೆದರ್ಕೊಂಬುಟ್ಟ ಅಂತಾರೆ."

"ಆಯ್ತು ಕಣೋ, ಯೋಳ್ತೀನಿ" ಎಂದೆ.

ಅವನ ಜೊತೆ ಓಡುತ್ತಿದ್ದ ಬ್ರಹ್ಮಸಮುದ್ರದ ಹುಡುಗನಿಗೆ, ಹೊತ್ತು ಹೊತ್ತಿಗೆ ಕೆಲಸ ಹೇಳುವವರಿದ್ದರೆ ಅದೇ ನೆಮ್ಮದಿ. ಅವನು ಈಗಲೂ ಸೈನ್ಯದಲ್ಲಿ ಸುಖವಾಗಿದ್ದಾನೆ. ನನ್ನ ತಮ್ಮ ಅಂಥವನಲ್ಲ. ಅದು ಅವನಿಗೇ ಗೊತ್ತಿತ್ತು, ಮತ್ತು ಅವನು ಹೇಳಿದ್ದ.

ಆ ವಾರವೇ ಅಪ್ಪಯ್ಯ ಬಂದ. ಊಟಕ್ಕೆ ಕೂತವನು ತಾನಾಗಿಯೇ ಕೇಳಿದ: "ಅವನಿಗೆ ಇಷ್ಟ ಐತೇನಮ್ಮ?"

ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ಬೋ ಇಷ್ಟ ಕಣಪ್ಪಯ್ಯ" ಎಂದು ಅನ್ನ ಬಡಿಸಿದೆ.

ಅಪ್ಪಯ್ಯ ಊರಿಗೆ ಹೊರಟುಹೋದ ಮೇಲೆ, ಸಂಜೆ ಮೈದಾನದಿಂದ ಬಂದ ತಮ್ಮ, "ಯೋಳಿದ್ಯಾ?" ಎಂದ. "ಯೋಳ್ದೆ. ಒಪ್ಲಿಲ್ಲ" ಎಂದೆ. ಅವನು ಮೊಟ್ಟೆಯನ್ನೂ ಬಿಡದೆ ತಿಂದ.

ಸೆಲೆಕ್ಟ್ ಆದ. ಹಿಂದೂಪುರದಲ್ಲಿ ನಮ್ಮ ಬೀದಿಯ ದೊಡ್ಡಮನುಷ್ಯರು ಶಾಲು ಹೊದಿಸಿ, ದೇಶಸೇವೆಯ ಮೇಲೆ ಭಾಷಣ ಬಿಗಿದರು. ಅವರಲ್ಲಿ ಒಬ್ಬನ ಮಗನೂ ಸೈನ್ಯದ ಕಡೆ ತಲೆ ಹಾಕಿದವನಲ್ಲ. ಅಪ್ಪಯ್ಯ ಆ ಶಾಲನ್ನು ಮಗ್ಗದ ಮೇಲಿನ ಗೂಟಕ್ಕೆ ತೂಗುಹಾಕಿದ. ಮಗ ರಜೆಗೆ ಬಂದಾಗ ಅದರತ್ತ ನೋಡುತ್ತಲೂ ಇರಲಿಲ್ಲ. ಅಪ್ಪನ ಜೊತೆ ಮಾತು ನಿಲ್ಲಿಸಿದ್ದ. ವರ್ಷ ವರ್ಷವೂ ಅದೇ. "ಏನ್ ತಪ್ಪು ಮಾಡಿದ್ನಮ್ಮ ನಾನು?" ಎಂದು ಅಪ್ಪಯ್ಯ ನನ್ನನ್ನು ಕೇಳುತ್ತಿದ್ದ. ನಾನು, ಅಲ್ಲಿ ಚಳಿ, ಗಡಿ, ಸಿಟ್ಟು ಜಾಸ್ತಿ ಎಂದೆಲ್ಲ ಕಂಡವಳಂತೆ ಒದರುತ್ತಿದ್ದೆ.

ಕಳೆದ ರಜೆಯಲ್ಲಿ ನಾನೂ ತವರಿಗೆ ಹೋಗಿದ್ದೆ. ಅಪ್ಪಯ್ಯ ನೇಯುತ್ತಿದ್ದ. ತಮ್ಮ ಅದೇ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಬ್ಯಾಗು ಕಟ್ಟುತ್ತಾ, "ಅವರ್ಗೆ ಯೋಳು ಅಕ್ಕಯ್ಯ, ನಾಳೆ ಹೋಯ್ತೀನಿ ಅಂತ" ಎಂದ. ಎರಡು ಮಾರು ದೂರದಲ್ಲಿದ್ದ ಅಪ್ಪನಿಗೆ ಮತ್ತೆ ನಾನೇ ಮಾತು ಸಾಗಿಸಬೇಕು! ನನ್ನ ಮೇಲೆ ನನಗೇ ಅಸಹ್ಯವಾಯಿತು.

ಬಾಯಿ ತೆರೆದೆ. ಮಗ್ಗದ ಸದ್ದಿಗೆ ಏನೂ ಕೇಳಿಸಲಿಲ್ಲ. ಅಪ್ಪಯ್ಯ ತುಳಿಯುವುದನ್ನು ನಿಲ್ಲಿಸಿ, "ಏನಂತಮ್ಮ?" ಎಂದ.

"ಆವತ್ತು ಇವನಿಗೆ ಇಷ್ಟ ಐತಾ ಅಂತ ಕೇಳಿದ್ಯಲ್ಲ ಅಪ್ಪಯ್ಯ, ಇಷ್ಟ ಇರ್ಲಿಲ್ಲ. ನಂಗ್ ಬ್ಯಾಡ, ಅಪ್ಪಯ್ಯಂಗೆ ಯೋಳು ಅಂದಿದ್ದ. ನಾನು ಯೋಳ್ಲೇ ಇಲ್ಲ. ನೀನೇ ಒಪ್ಲಿಲ್ಲ ಅಂತ ಇವನಿಗೆ ಸುಳ್ಳು ಯೋಳ್ಬುಟ್ಟೆ."

ತಮ್ಮನ ಕೈ ಬ್ಯಾಗಿನ ಮೇಲೆ ನಿಂತಿತು. ಅವನು ನನ್ನ ಕಡೆ ತಿರುಗಲಿಲ್ಲ, ಅಪ್ಪಯ್ಯನ ಕಡೆ ತಿರುಗಿದ.

"ತಪ್ಪಾಯ್ತು ಕಣಪ್ಪಯ್ಯ" ಎಂದೆ. "ನಿಂಗೂ ತಪ್ಪು ಮಾಡ್ಬುಟ್ಟೆ ಕಣೋ."