ಪಾದ ನೋಡ್ರಿ

ಆ ಭಾನುವಾರವೂ ಸಿಂದಗಿಯ ಸೈಕಲ್ ಅಂಗಡಿ ಕಟ್ಟೆಯ ಮೇಲೆ ಗೆಳೆಯರ ನಡುವೆ ನನ್ನದೇ ಚರ್ಚೆ. ವಿಜಾಪುರದ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಆ ವಾರ ಆಯ್ಕೆಯಿತ್ತು.

“ಇಷ್ಟ ಗಿಡ್ಡ ಅದಾನ, ಬುಟ್ಟಿಗೆ ನಿಚ್ಚಣಿಕಿ ಹಚ್ಚತಾನೇನ್ಲೇ?”

“ಕೈ ನೋಡಲೇ, ಗುರಿ ತಪ್ಪಂಗಿಲ್ಲ.”

ಗಾಲಿಯ ಬೆಂಡ್ ತೆಗೆಯುತ್ತಿದ್ದ ಅಂಗಡಿಯ ಚಾಚಾ ಎಂದಿನಂತೆ, “ಪಾದ ನೋಡ್ರಿ” ಎಂದರು. ಎದ್ದು ಬಂದು, ನಿಂತಿದ್ದ ನನ್ನ ಪಾದಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಜಿಗಿದು ಮತ್ತೆ ಅದರೊಳಗೇ ಇಳಿಯಲು ಹೇಳಿದರು. ಪ್ರತಿ ಸಲವೂ ಎಡಪಾದ ಗೆರೆಯ ಹೊರಗೆ ಬಿತ್ತು.

“ಇದೊಂದು ಸರಿ ಮಾಡ್ಕೋ ತಮ್ಮಾ. ಎತ್ತರದ ಚಿಂತಿ ಬ್ಯಾಡ.”

ಮರುದಿನ ಅಂಗಡಿ ತೆರೆಯಲಿಲ್ಲ. ಚಾಚಾ ನಿದ್ದೆಯಲ್ಲೇ ತೀರಿಕೊಂಡಿದ್ದರು.

ನಾನು ತಂಡ ಸೇರಿದೆ. ರಜೆಗೆ ಬಂದಾಗ ಕಟ್ಟೆಯ ಮೇಲೆ ವಾದ ಈಗಲೂ ನಡೆಯುತ್ತದೆ. ಎಲ್ಲರೂ ಚೆಂಡಿನ ಮಾತಾಡುತ್ತಾರೆ. ನನ್ನ ಪಾದ ನೋಡುವವರು ಇಲ್ಲ.