ಮಧ್ಯಾಹ್ನ ದಾಟಿದ ಮೇಲಿನ ರೊಟ್ಟಿ

ದಸರಾ ರಜೆಯಲ್ಲಿ ನೇಸರಗಿಯ ಒಂದು ಶಾಲೆಯಲ್ಲಿ ಮೂರು ದಿನದ ಧ್ಯಾನ ಶಿಬಿರ ನಡೆಯಿತು. ಅವ್ವನನ್ನು ಅಲ್ಲಿಗೆ ಒಪ್ಪಿಸಿ ಕರೆತರಲು ನನಗೆ ಎರಡು ವರ್ಷ ಹಿಡಿದಿತ್ತು. ಅವ್ವ ಬೈಲಹೊಂಗಲದ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಅವಳ ಬಡಿತದ ಸಪ್ಪಳಕ್ಕೆ ನಾನು ನಸುಕಿನಲ್ಲೇ ಎದ್ದು ಸವದತ್ತಿಯ ಬಸ್ಸು ಹಿಡಿಯುತ್ತೇನೆ. ಅಲ್ಲಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ನಮ್ಮ ಮನೆಯ ಗೋಡೆಯ ಮೇಲೆ ಅಜ್ಜನ ಕಾಲದಿಂದ ಬುದ್ಧನ ಪಟ ಇದೆ. ಅದರ ಮುಂದೆ ಯಾರಾದರೂ ಹತ್ತು ನಿಮಿಷ ಸುಮ್ಮನೆ ಕೂತದ್ದನ್ನು ನಾನು ಕಂಡಿಲ್ಲ.

ಅವ್ವ ಮೂರು ದಿನ ಸುಮ್ಮನೆ ಕೂಡಬೇಕು, ಬೇರೆಯವರು ಬೇಯಿಸಿದ್ದನ್ನು ಉಣ್ಣಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಶಿಬಿರದಲ್ಲಿ ಕಾಳುಕಡಿ ದಾನದ್ದು, ಅಡುಗೆಯವರ ದುಡಿಮೆಯೂ ದಾನದ್ದು. ಹಾಗಾಗಿ ನಾನು ಅಡುಗೆಮನೆಯ ಸೇವೆಗೆ ಹೆಸರು ಕೊಟ್ಟೆ.

ಅಡುಗೆಮನೆ ನೋಡಿಕೊಳ್ಳುತ್ತಿದ್ದವರು ಚಚಡಿಯ ಒಕ್ಕಲುತನದ ಮನೆಯ ಹೆಂಗಸು. ಹಣೆಗೆ ವಿಭೂತಿ ಹಚ್ಚಿಕೊಂಡೇ ಒಲೆಯ ಮುಂದೆ ಕೂಡುತ್ತಿದ್ದರು. ಎಲ್ಲರೂ ಅವರನ್ನು ಕಾಕು ಎನ್ನುತ್ತಿದ್ದರು. ನಾನು ಬಡಿದ ಮೊದಲ ರೊಟ್ಟಿಯನ್ನು ಎತ್ತಿ ಹಿಡಿದು, "ಇದ್ಯಾವ ತಾಲೂಕಿನ ನಕಾಶೆವಾ, ರಾಮದುರ್ಗದ್ದೇನ?" ಎಂದರು.

ಶಿಬಿರದಲ್ಲಿ ಕೂತವರು ಮಾತಾಡುವಂತಿರಲಿಲ್ಲ, ಅಡುಗೆಮನೆಗೆ ಬರುವಂತಿರಲಿಲ್ಲ. ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಉಣ್ಣುವುದಿಲ್ಲವೆಂದು ಮೊದಲ ದಿನವೇ ಶಿಬಿರ ನಡೆಸುವ ಬೌದ್ಧ ಭಿಕ್ಷು ಭಂತೇಜಿಯ ಮುಂದೆ ಶೀಲದ ವ್ರತ ತೆಗೆದುಕೊಂಡಿದ್ದರು. ಸಂಜೆಗೆ ಲಿಂಬೆ ಪಾನಕ ಮಾತ್ರ.

ಎರಡನೆಯ ದಿನ ಸಂಜೆ ರಾಮದುರ್ಗದ ಕಡೆಯ ಒಬ್ಬ ಅಜ್ಜಿ ಭಂತೇಜಿಯ ಮುಂದೆ ಅತ್ತಳಂತೆ. ರೊಟ್ಟಿ ತಿಂದುಬಿಟ್ಟೆ ಎಂದಳಂತೆ. ಭಂತೇಜಿ ಅವ್ವನನ್ನು ಕರೆಸಿದರು. ಕರೆತಂದವಳು ನಾನಾದ್ದರಿಂದ ನನ್ನನ್ನೂ ಕರೆಸಿದರು.

"ತಾಯಿ, ಆ ಅಜ್ಜಿಗೆ ರೊಟ್ಟಿ ನೀವ ಕೊಟ್ಟ್ರೇನ್ರಿ?"

"ಹೌದ್ರಿ. ಮಧ್ಯಾಹ್ನ ನನ್ನ ತಾಟಿನ್ಯಾಗಿಂದು ಸೆರಗಿನ್ಯಾಗ ಕಟ್ಟಿ ಇಟ್ಟಿದ್ನಿರಿ. ಶೇಂಗಾ ಚಟ್ನಿನೂ ಕೊಟ್ಟೇನ್ರಿ."

"ಅವರು ಶೀಲ ತಗೊಂಡಾರಲ್ರಿ."

"ಆಕಿ ಹೊಟ್ಟಿ ಗುರ್ ಗುರ್ ಅನ್ನಾಕ ಹತ್ತಿತ್ರಿ. ನಾ ಬಾಜೂಕ ಕುಂತಾಕಿ. ಕಣ್ಣ ಮುಚ್ಚಿದ್ರ ಅದ ಕೇಳಸ್ತಿತ್ತು. ಮುಂಜಾನಿ ನೀವ ದಾನದ್ದ ಹೇಳಿದ್ರಿ. ಹಸದಾಕಿಗೆ ಕೊಡಬ್ಯಾಡ ಅಂತ ಹೇಳಿದ್ದಿಲ್ಲ ಬಿಡ್ರಿ."

ಭಂತೇಜಿಗೆ ನಗು ಬಂತು. ಆಮೇಲೆ ಮೆತ್ತಗೆ ಹೇಳಿದರು: "ಆ ಅಜ್ಜಿ ಒಂದ ಗಟ್ಟಿ ಮನಸ್ಸ ಮಾಡಿದ್ರು. ನೀವ ರೊಟ್ಟಿ ಕೊಟ್ಟು ಅದನ್ನ ಕಸಗೊಂಡ್ರಿ."

ಅವ್ವನ ಮುಖ ಇಳಿಯಿತು. "ತಪ್ಪಾತ್ರಿ" ಎಂದಳು.

"ಕುಂಡ್ರತೀರೇನು, ಅಡಗಿಮನಿಗೆ ಹೋಕ್ಕೀರೇನು? ಎರಡೂ ಆಗೂದಿಲ್ರಿ."

ಅವ್ವ ಒಮ್ಮೆ ನನ್ನ ಕಡೆ ನೋಡಿದಳು. ನನಗೆ ಏನು ಬೇಕೆಂಬುದು ಅವಳಿಗೆ ಗೊತ್ತಿತ್ತು. "ಅಡಗಿಮನಿಗೆ ಹೋಕ್ಕೇನ್ರಿ" ಎಂದಳು.

ಹೊರಗೆ ನಲ್ಲಿಯ ಹತ್ತಿರ ನಾನು ಸಿಟ್ಟು ತಡೆಯಲಿಲ್ಲ. "ಮೂರು ದಿನ ಕುಂಡ್ರಾಕ ಆಗೂದಿಲ್ಲೇನ ನಿನಗ? ನಿನ್ನ ಸಲುವಾಗಿ ಇಷ್ಟೆಲ್ಲಾ ಮಾಡೇನಿ."

"ನಾ ಕೇಳಿದ್ನೇನ?"

ನಾನು ನಲ್ಲಿ ತಿರುಗಿಸಿದೆ. ಅವಳು ಸೆರಗಿನ ತುದಿಗೆ ಅಂಟಿದ್ದ ಚಟ್ನಿ ತೊಳೆಯುತ್ತ ಹೇಳಿದಳು: "ಕುಂತ್ರ ಎಲ್ಲೆಲ್ಲಿ ನೋವ ಐತಿ ಅಂತ ಗೊತ್ತಾಗತೈತೆವಾ. ಕೆಲಸದಾಗಿದ್ರ ಗೊತ್ತಾಗೂದಿಲ್ಲ."

ನಾನು ಕೊಡ ತುಂಬಿಸಿಕೊಂಡು ಒಳಗೆ ಹೋದೆ.

ಮರುದಿನ ಅವ್ವ ಒಲೆಯ ಮುಂದೆ ಕೂತಳು. ಕಾಕು ಅವಳ ಕೈಯನ್ನೇ ನೋಡುತ್ತ, "ಇಂಥಾಕಿನ್ನ ಒಳಗ ಕುಂಡ್ರಿಸಿ ಈ ನಕಾಶೆ ಬಡಿಯಾಕಿನ್ನ ನನಗ ಕೊಟ್ಟಿದ್ರಲ್ಲಾ!" ಎಂದರು. ಅವ್ವ ನಕ್ಕಳು. ನಂತರ ನನ್ನ ಕೈಯಿಂದ ಹಿಟ್ಟಿನ ಪರಾತ ತೆಗೆದುಕೊಂಡಳು. "ನೀ ಹೋಗಿ ಕುಂಡ್ರ ಹೋಗ. ನಿಂತಲ್ಲೇ ತೂಕಡಿಸಾಕ ಹತ್ತೀದಿ."

ನನಗೆ ವಾದಿಸುವ ಶಕ್ತಿ ಇರಲಿಲ್ಲ. ಭಂತೇಜಿಯನ್ನು ಕೇಳಿಕೊಂಡು ಅವ್ವ ಬಿಟ್ಟ ಚಾಪೆಯ ಮೇಲೆ ಕೂತೆ. ಉಸಿರು ನೋಡಬೇಕಿತ್ತು, ಕಂಡದ್ದು ದಣಿವು. ಅದು ಬೆನ್ನಿನಲ್ಲಿತ್ತು, ಹೆಗಲಲ್ಲಿತ್ತು, ಬಸ್ಸಿನಲ್ಲಿ ನಿಂತು ಮರಗಟ್ಟಿದ ಪಾದಗಳಲ್ಲಿತ್ತು. ಎಷ್ಟು ದಿನದ್ದೋ ಏನೋ. ಪಕ್ಕದಲ್ಲಿ ಆ ಅಜ್ಜಿ ಅಲುಗಾಡದೆ ಕೂತಿದ್ದಳು. ನಾನು ಧ್ಯಾನ ಮಾಡಿದೆನೆಂದು ಹೇಳಲಾರೆ. ಅರ್ಧ ನಿದ್ದೆ ಮಾಡಿದೆ.

ಹನ್ನೊಂದಕ್ಕೆ ಊಟದ ಗಂಟೆಯಾಯಿತು. ಕಣ್ಣು ತಗ್ಗಿಸಿ ಸಾಲಿನಲ್ಲಿ ಕೂತೆವು. ಬಡಿಸುತ್ತ ಬಂದವಳು ಅವ್ವ. ಒಂದು ರೊಟ್ಟಿ ಹಾಕಿದಳು, ಎರಡನೆಯದನ್ನು ಹಿಡಿದಳು. ಸಾಕೆಂದು ತಾಟಿಗೆ ಕೈ ಅಡ್ಡ ಹಿಡಿದೆ. "ಇನ್ನೊಂದ ಉಣ್ಣ" ಎನ್ನಲು ಅಲ್ಲಿ ಅವಳೂ ಮಾತಾಡುವಂತಿರಲಿಲ್ಲ. ರೊಟ್ಟಿ ಹಿಡಿದುಕೊಂಡೇ ನಿಂತಳು. ಮುಂದಿನವರು ಕಾಯುತ್ತಿದ್ದರು. ಅವಳು ನನಗಾಗಿ ಕೂಡಲಿಲ್ಲ, ಇನ್ನು ಕೂಡುವುದೂ ಇಲ್ಲ; ನನಗಾಗಿ ಹಿಡಿದು ನಿಂತದ್ದು ಈ ರೊಟ್ಟಿ.

ನಾನು ಕೈ ತೆಗೆದೆ.